ಹಿಂಬದಿಯ ಚೌಕಟ್ಟು

ಗುಜರಿಗೆ ಹೋಗಿ ಆಯಿತು ಎಂದು ಮಾವ ನಂಬಿಕೊಂಡಿದ್ದ ಯೆಜ್ಡಿ ಮೋಟಾರ್‌ಸೈಕಲ್ಲು ಹೇಮಾಕ್ಷಿಯ ಎದುರಿಗೆ, ಬಾಬ್ಜಿಯ ವರ್ಕ್‌ಶಾಪಿನ ಕಬ್ಬಿಣದ ಮೇಜಿನ ಮೇಲೆ, ಎಂಜಿನ್ನು ಚಕ್ರ ಟ್ಯಾಂಕುಗಳನ್ನೆಲ್ಲ ಕಳಚಿಕೊಂಡು ಬರಿಯ ಎಲುಬಾಗಿ ಕೂತಿತ್ತು. ಭಾನುವಾರದ ಬೆಳಿಗ್ಗೆ. ವಿಶಾಖಪಟ್ಟಣದ ಗಾಜುವಾಕದ ಈ ಬೀದಿಯಲ್ಲಿ ಅರ್ಧಕ್ಕರ್ಧ ಶಟರುಗಳು ಇನ್ನೂ ಮೇಲೆದ್ದಿರಲಿಲ್ಲ. ಕೈಯಲ್ಲಿ ಗ್ರೈಂಡರ್ ಹಿಡಿದುಕೊಂಡು, ಅದರ ಗುಂಡಿ ಒತ್ತದೆ, ಅವಳು ಹಿಂದಿನ ದಿನದ ಫೋನನ್ನೇ ನೆನೆಯುತ್ತ ನಿಂತಿದ್ದಳು. ವಿಜಯವಾಡದಿಂದ ನಾದಿನಿ ದುರ್ಗಾಭವಾನಿ ಮಾಡಿದ್ದ ಫೋನು. ಮಾತು ಮುಗಿಯುವಾಗ ಎಂದಿನಂತೆ ತಂದೆಯ ಕೈಗೆ ಕೊಟ್ಟಿದ್ದಳು. ಮಾವ ವೆಂಕಟರಮಣ ಅವರು ವಿಶಾಖಪಟ್ಟಣದಲ್ಲಿ ಸೆಕೆ ಹೇಗಿದೆ, ಮಗ ಫಣೀಂದ್ರನ ಕೆಮ್ಮು ಹೋಯಿತಾ ಎಂದೆಲ್ಲ ಕೇಳಿ, ಇನ್ನೇನು ಇಡುತ್ತಾರೆ ಎನ್ನುವಾಗ, ತೂಕಕ್ಕೆ ಹಾಕುವ ಮೊದಲು ಟ್ಯಾಂಕನ್ನು ಬೇರೆ ಬಿಚ್ಚಿದರಾ ಅಥವಾ ಹಾಗೇ ಜಜ್ಜಿದರಾ ಎಂದು ಕೇಳಿದ್ದರು. ಗೊತ್ತಿಲ್ಲ ಮಾವ, ಎಂದಿದ್ದಳು ಅವಳು. ಎಷ್ಟು ಸಲೀಸಾಗಿ ಬಂತು ಆ ಮಾತು. ನಾಲಿಗೆಗೆ ಒಂದಿಷ್ಟೂ ತಡವರಿಕೆಯಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಬಿಡಮ್ಮಾ, ಎಂದು ಫೋನನ್ನು ಮಗಳಿಗೆ ವಾಪಸು ಕೊಟ್ಟಿದ್ದರು. ಆ ಸ್ವಲ್ಪ ಹೊತ್ತು ಈಗಲೂ ಕಿವಿಯಲ್ಲಿತ್ತು.

ಸುಳ್ಳು ಹೇಳಬೇಕೆಂದು ಅವಳು ಹೊರಟವಳಲ್ಲ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಕಾರಿಗೆ ಜಾಗ ಬೇಕೆಂದು ದುರ್ಗಾಭವಾನಿ ಆ ಹಳೆಯ ಗಾಡಿಯನ್ನು ತೆಗೆಸಲು ಹೊರಟಾಗ, ನಾನು ಒಯ್ಯುತ್ತೇನೆ ಎಂದು ಹೇಮಾಕ್ಷಿಯೇ ಲಾರಿಗೆ ಹಾಕಿಸಿದ್ದಳು. ಅಪ್ಪನಿಗೆ ಗುಜರಿಗೆ ಹೋಯಿತು ಅಂತಲೇ ಹೇಳಿದ್ದೀನಿ ಅತ್ತಿಗೆ, ಅವರೂ ಹಾಕಿಬಿಡಿ ಅಂದರು, ಎಂದು ನಾದಿನಿ ಆಮೇಲೆ ತಿಳಿಸಿದಾಗ ಇವಳು ತಿದ್ದಲಿಲ್ಲ. ಅಷ್ಟೇ. ತಿದ್ದದೆ ಉಳಿದದ್ದು ತಿಂಗಳುಗಳಾಗಿ ಬೆಳೆದು ಈಗ ಸುಳ್ಳಾಗಿತ್ತು. ಮಾವನ ಕಣ್ಣಿನ ನಡುಭಾಗ ಮಸುಕಾಗಿ ಎರಡು ವರ್ಷ. ಎದುರಿಗೆ ನಿಂತವರ ಮುಖ ಅಳಿಸಿಹೋಗಿ, ಅವರ ಅಕ್ಕಪಕ್ಕದ ಗೋಡೆ ಮಾತ್ರ ಕಾಣುತ್ತದೆ ಎಂದು ಅವರೇ ಹೇಳಿದ್ದರು, ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ. ಇನ್ನು ಅವರು ಗಾಡಿ ಓಡಿಸುವುದು ಎಂದರೆ ಇಲ್ಲ. ಕೂತರೆ ಹಿಂದೆ ಕೂರಬೇಕು. ಆದರೆ ಗಾಡಿಗೆ ಹಿಂದೆ ಎನ್ನುವುದೇ ಇರಲಿಲ್ಲ. ಅತ್ತೆ ಗಂಗಾಭವಾನಿ ತೀರಿಕೊಂಡ ಮಾರನೆಯ ತಿಂಗಳು, ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಆ ಮನುಷ್ಯ, ಹ್ಯಾಕ್‌ಸಾ ಹಿಡಿದು ಕೂತು, ಸೀಟಿನ ಹಿಂದಿನ ಕೊಳವೆಗಳನ್ನೂ ಮಡ್‌ಗಾರ್ಡನ್ನೂ ಕೊಯ್ದು ತೆಗೆದು, ಒಬ್ಬರೇ ಕೂರುವಷ್ಟು ಸೀಟು ಉಳಿಸಿಕೊಂಡಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ಹೆಂಡತಿ ಕೂತ ಜಾಗದಲ್ಲಿ ಇನ್ನೊಬ್ಬರು ಕೂರಬಾರದೆಂದಿರಬೇಕು ಎಂದು ಎಲ್ಲರೂ ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಆರು ವರ್ಷ ಹಾಗೇ ಓಡಿಸಿದರು. ಕೊಯ್ದು ಉಳಿದ ಮೊಂಡುಗಳು ಶಾಕ್ ಅಬ್ಸಾರ್ಬರಿನ ಗುದ್ದಿಗೆ ಸಣ್ಣಗೆ ಬಿರುಕು ಬಿಟ್ಟಿದ್ದವು. ಬಳ್ಳಾರಿ ಕಡೆಯ ಅತ್ತೆಯಿಂದ ಆ ಮನೆಗೆ ಕನ್ನಡ ಬಂದಿತ್ತು. ಅವರು ಹೋದಮೇಲೆ ಅದು ಮಾವ ಮತ್ತು ಸೊಸೆಯ ನಡುವೆ ಮಾತ್ರ ಉಳಿಯಿತು. ಮಾವನ ಮಕ್ಕಳಿಬ್ಬರೂ ಕನ್ನಡ ಅರ್ಥವಾದರೂ ತೆಲುಗಿನಲ್ಲೇ ಉತ್ತರ ಕೊಡುವವರು.

ಗ್ರೈಂಡರಿನ ಗುಂಡಿ ಒತ್ತಿದಳು. ಕಿಡಿ ಹಾರಿತು. ಮೊಂಡಿನ ತುದಿಯಲ್ಲಿ ಮಾವನ ಹ್ಯಾಕ್‌ಸಾದ ಗೆರೆಗಳು ಕಾಣುತ್ತಿದ್ದವು, ಮೊದಲು ನೇರವಾಗಿ ಬಂದು, ನಡುವೆ ಎಲ್ಲೋ ಕೈ ಸೋತು ಓರೆಯಾಗಿ, ಮತ್ತೆ ನೇರವಾದ ಗೆರೆಗಳು. ಅವೂ ಕಿಡಿಯಾಗಿ ಹೋದವು. ಒಂದು ಕ್ಷಣ, ಇದು ಯಾರಿಗಾಗಿ ಎಂಬ ಪ್ರಶ್ನೆ ಬಂತು. ಮದುವೆಯಾದ ಹೊಸದರಲ್ಲಿ ವಿಜಯವಾಡದ ಮನೆಯ ಸತ್ಯನಾರಾಯಣ ಪೂಜೆಯ ದಿನ, ಊಟಕ್ಕೆ ಕೂತ ನೆಂಟರ ಮುಂದೆ, ನಮ್ಮ ಸೊಸೆ ಭದ್ರಾವತಿಯಲ್ಲಿ ಓದಿದವಳು, ದೊಡ್ಡ ಕೆಲಸ, ತಾನು ಏನೂ ಮಾಡುವುದಿಲ್ಲ, ಮಾಡಿದವರದನ್ನು ಬೇಡ ಅನ್ನುತ್ತಾಳೆ, ಎಂದು ಮಾವ ಪರಿಚಯ ಮಾಡಿಕೊಟ್ಟಿದ್ದರು. ಎಲೆಯ ಮುಂದೆ ಕೂತವರೆಲ್ಲ ನಕ್ಕಿದ್ದರು. ಪುಳಿಹೋರ ಬಡಿಸುತ್ತಿದ್ದ ಅವಳೂ ನಕ್ಕಿದ್ದಳು. ಸುಳ್ಳೇನೂ ಅಲ್ಲ. ಅವಳು ವೆಲ್ಡಿಂಗ್ ಇನ್‌ಸ್ಪೆಕ್ಟರ್. ಹಡಗಿಗೆ, ಬಾಯ್ಲರಿಗೆ ಬೇಕಾದ ಕೊಳವೆಗಳನ್ನು ಮಾಡುವ ಕಂಪನಿಯಲ್ಲಿ ಬೆಸುಗೆಗಳ ಮೇಲೆ ಕೆಂಪು ಸೀಮೆಸುಣ್ಣದಿಂದ ಗುರುತು ಹಾಕುವುದು ಅವಳ ಕೆಲಸ. ಗುರುತು ಬಿದ್ದದ್ದನ್ನು ಮತ್ತೆ ಮಾಡಬೇಕು. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಆ ಕೆಲಸದಲ್ಲಿ ನಾಚುವುದೇನೂ ಇರಲಿಲ್ಲ, ಆದರೂ ಆ ನಗು ಎಲ್ಲೋ ಉಳಿದುಬಿಟ್ಟಿತ್ತು; ಅದಕ್ಕೆ ಉತ್ತರ ಕೊಡಲು ಇದನ್ನು ಹಚ್ಚಿಕೊಂಡಿದ್ದೇನೆಯೇ, ಕಣ್ಣು ಕಾಣದ ಮುದುಕನ ಮುಂದೆ ಹೆಚ್ಚುಗಾರಿಕೆ ತೋರಿಸಲು? ಅಪ್ಪನನ್ನು ಒಂದು ಮಾತು ಕೇಳು ಎಂದು ಗಂಡ ಹೇಳಿದ್ದ. ಫಣೀಂದ್ರ ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವನು, ಯಾವುದಕ್ಕೂ ಮೊದಲು ಷರತ್ತುಗಳನ್ನು ಬರೆದುಕೊಳ್ಳುವವನು. ಕೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದಮೇಲೆ ಮಾಡುವುದು ಇನ್ನೂ ದೊಡ್ಡ ತಪ್ಪು, ಎಂದು ಅವಳು ಉತ್ತರಿಸಿದ್ದಳು. ಅವನಿಗೆ ಅದರಲ್ಲಿ ತರ್ಕದೋಷ ಹುಡುಕಲು ಆಗಲಿಲ್ಲ.

ಬಾಬ್ಜಿಯ ಅಂಗಡಿಗೆ ಬರಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಕೊಳವೆ ಬಾಗಿಸುವ ಒಳ್ಳೆಯ ಯಂತ್ರ, ಚೌಕಟ್ಟನ್ನು ಅಲ್ಲಾಡದಂತೆ ಬಿಗಿಯುವ ದಪ್ಪ ಮೇಜು, ಎರಡೂ ಇದ್ದದ್ದು ಅವನಲ್ಲೇ. ಅವನು ಒಂದು ಕಾಲದಲ್ಲಿ ಅವಳ ಕಂಪನಿಯಲ್ಲೇ ಗುತ್ತಿಗೆಯ ವೆಲ್ಡರ್. ಒಂದು ಮಳೆಗಾಲದಲ್ಲಿ ಅವನ ಬೆಸುಗೆಗಳ ಮೇಲೆ ಅವಳ ಕೆಂಪು ಗುರುತು ಮೇಲಿಂದ ಮೇಲೆ ಬಿತ್ತು. ಆಮೇಲೆ ಅವನು ಕಾಣಲಿಲ್ಲ. ವರ್ಷಗಟ್ಟಲೆ ಅವಳು ಗಾಜುವಾಕದ ಕಡೆ ಬಂದಾಗಲೆಲ್ಲ ಈ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಂಡಿದ್ದಳು. ಮೊದಲ ದಿನ ಒಳಗೆ ಕಾಲಿಟ್ಟಾಗ ಅವನು ಎದ್ದು ನಿಂತು, ಬನ್ನಿ ಮೇಡಂ, ಎಂದು ತೆಲುಗಿನಲ್ಲಿ ಕರೆದು ಕುರ್ಚಿ ಒರೆಸಿದ್ದ. ಮೇಜು ಬಿಟ್ಟುಕೊಟ್ಟ, ಯಂತ್ರ ತೋರಿಸಿದ. ಬೆಸುಗೆ ನಾನೇ ಹಾಕಿಕೊಡುತ್ತೇನೆ ಎಂದ. ಇಲ್ಲ, ನಾನೇ ಹಾಕಬೇಕು, ಎಂದಾಗ ಮಾತ್ರ ಅವನ ಹುಬ್ಬು ಒಂದಿಷ್ಟು ಮೇಲೆ ಹೋಗಿತ್ತು.

ಕೆಲಸ ನೋಡಲು ದೊಡ್ಡದಲ್ಲ. ಟ್ಯಾಂಕಿನ ಬುಡದಿಂದ ಎರಡು ಕೊಳವೆಗಳು ಹಿಂದಕ್ಕೆ ಹೋಗಿ ತುದಿಯಲ್ಲಿ ಲಾಳದಂತೆ ಕೂಡಬೇಕು. ಕೆಳಗಿನಿಂದ ಎರಡು ಊರುಗೋಲು ಕೊಳವೆಗಳು ಬಂದು ಶಾಕ್ ಅಬ್ಸಾರ್ಬರ್ ಕೂರುವ ಕಡೆ ಅವನ್ನು ಹೊರಬೇಕು. ಹಳೆಯದಕ್ಕಿಂತ ನಾಲ್ಕು ಬೆರಳು ತಗ್ಗಿರಬೇಕು, ಮಾವನಿಗೆ ಕಾಲು ಅಷ್ಟೇ ಎತ್ತಲು ಬರುವುದು. ಆದರೆ ಗುಂಡಿ ಬಂದಾಗ ಚಕ್ರ ಮೇಲೆದ್ದು ಮಡ್‌ಗಾರ್ಡಿಗೆ ತಾಗಲೂ ಬಾರದು. ಇದೆಲ್ಲ ಕಾಗದದ ಮೇಲೆ ಚೆನ್ನಾಗಿ ಕೂತಿತ್ತು. ಕೊಳವೆಯೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಹೊಡೆದು ಬಾಗಿಸಿದಳು. ಮೊದಲನೆಯದು ಒಳಮಗ್ಗುಲಲ್ಲಿ ಸುಕ್ಕಾಯಿತು. ಎರಡನೆಯದೂ. ಮರಳು ಸಾಕಷ್ಟು ಗಟ್ಟಿಯಾಗಿ ಕೂತಿರಲಿಲ್ಲವೆಂದು ಮೂರನೆಯದಕ್ಕೆ ಕೊಳವೆಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಿದಳು. ಅಂಗೈಯ ಚರ್ಮ ಎದ್ದಿತು, ಕೊಳವೆ ಬಾಗಿತು. ಒಂದರ ಬಾಯನ್ನು ಇನ್ನೊಂದರ ದುಂಡಿಗೆ ಬೆಳಕು ನುಸುಳದಂತೆ ಕೂರುವ ಹಾಗೆ ಅರದಿಂದ ಉಜ್ಜುವುದರಲ್ಲಿ ಭಾನುವಾರಗಳು ಕಳೆದವು. ಉಜ್ಜುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಅಪ್ಪ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಸೈಕಲ್ ಹತ್ತುವುದು, ಕಾರ್ಖಾನೆಯ ಕೂಗು, ಹಡಗಿನ ಕೊಳವೆಯೊಳಗೆ ತೆವಳಿ ಹೋದ ಮೊದಲ ದಿನ ಹೊರಗೆ ಯಾರೋ, ಹೆಂಗಸು ಒಳಗಿದ್ದಾಳೆ, ಮಾತು ಜೋಪಾನ, ಎಂದದ್ದು. ಮತ್ತೆ ಅರದ ಸದ್ದು.

ಮುಖಕ್ಕೆ ಮರೆ ಹಾಕಿಕೊಂಡು ಅವಳು ಬೆಸುಗೆಗೆ ಕೂತ ದಿನ ಬಾಬ್ಜಿ ಬೇರೆ ಕೆಲಸವಿದ್ದವನಂತೆ ಆಚೆ ಹೋದ. ಹಳೆಯ ತಗಡುಗಳ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿದ್ದಳು, ಕೈ ನಡುಗುತ್ತಿರಲಿಲ್ಲ. ಕರಗಿದ ಲೋಹದ ಸಣ್ಣ ಕೊಳ ಮುಂದೆ ಮುಂದೆ ಸರಿಯಿತು. ಆರಿದ ಮೇಲೆ ನೋಡಿದರೆ ಬೆಸುಗೆ ಚೆಂದವಾಗಿಯೇ ಇತ್ತು, ಜಡೆ ಹೆಣೆದ ಹಾಗೆ. ಆ ಚೆಂದವನ್ನು ಅವಳು ನಂಬಲಿಲ್ಲ. ನಂಬುವುದು ಅವಳ ಕಸುಬಾಗಿರಲಿಲ್ಲ. ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದು ಬೆಸುಗೆಗಳ ಮೇಲೆ ಸಿಂಪಡಿಸಿ, ಕಾದು, ಒರೆಸಿ, ಬಿಳಿಯದನ್ನು ಸಿಂಪಡಿಸಿದಳು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ಸುಣ್ಣ ಬಳಿದ ಗೋಡೆಯಂತೆ ಎಲ್ಲವೂ ಬಿಳಿಯಾಗಿಯೇ ಉಳಿಯಿತು. ಎಡಗಡೆ, ಊರುಗೋಲು ಬಂದು ಸೇರುವ ಕಡೆ, ಬೆಸುಗೆ ಮುಗಿಯುವ ತುದಿಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ ಕಾಣಿಸಿತು. ನೋಡುತ್ತಿದ್ದಂತೆ ಅದಕ್ಕೆ ಕಾಲುಗಳು ಮೂಡಿದವು, ಪುಟ್ಟ ಜೇಡದ ಹಾಗೆ. ತಪ್ಪು ಎಲ್ಲಾಯಿತೆಂದು ಅವಳಿಗೆ ಕೂಡಲೇ ತಿಳಿಯಿತು. ಕೊನೆಯಲ್ಲಿ ಅವಸರಪಟ್ಟು ಕೈ ಹಿಂದಕ್ಕೆಳೆದಿದ್ದೇನೆ. ಎಷ್ಟು ಜನರಿಗೆ ಇದೇ ಮಾತನ್ನು, ಎಷ್ಟು ತಣ್ಣಗೆ ಹೇಳಿದ್ದೇನೆ. ಯಾವಾಗ ಬಂದನೋ, ಬಾಬ್ಜಿ ಪಕ್ಕದಲ್ಲಿ ನಿಂತಿದ್ದ. ಅವನೂ ಜೇಡವನ್ನು ನೋಡಿದ. ಅದು ಮಡ್‌ಗಾರ್ಡಿನ ಒಳಗೆ ಬರುವ ಜಾಗ ಮೇಡಂ, ಮೇಲೊಂದು ಸುತ್ತು ಎಳೆದು ಬಣ್ಣ ಹೊಡೆದರೆ ಯಾರಿಗೂ ಕಾಣುವುದಿಲ್ಲ, ಎಂದ. ವ್ಯಂಗ್ಯವೋ ಕನಿಕರವೋ ತಿಳಿಯಲಿಲ್ಲ. ಅವಳು ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು, ತನ್ನ ಬೆಸುಗೆಯ ಸುತ್ತ ಒಂದು ವೃತ್ತ ಎಳೆದಳು. ಆಮೇಲೆ ಗ್ರೈಂಡರ್ ಎತ್ತಿಕೊಂಡು, ಬಿರುಕನ್ನು ಮಾತ್ರವಲ್ಲ, ಕೊಳವೆಗಳು ಸೇರುವ ಆ ಇಡೀ ಕೂಡನ್ನೇ ಕೊಯ್ದು ತೆಗೆದಳು.

ಮತ್ತೆ ಕೊಳವೆ, ಮತ್ತೆ ಅರ. ಆ ಮಧ್ಯಾಹ್ನ ಬಾಬ್ಜಿ ತರಿಸಿದ ಚಹಾ ಕುಡಿಯುತ್ತ ಅವಳು ಕೊನೆಗೂ ಕೇಳಿಬಿಟ್ಟಳು. ತೆಲುಗಿನಲ್ಲಿ, ಮಾತು ಹುಡುಕಿ ಹುಡುಕಿ, ನನ್ನಿಂದಾಗಿಯೇ ಅಲ್ಲವೇ ನೀವು ಅಲ್ಲಿಂದ ಬಿಟ್ಟದ್ದು, ಎಂದಳು. ಬಾಬ್ಜಿ ಲೋಟ ಕೆಳಗಿಟ್ಟು ಅವಳನ್ನೇ ನೋಡಿದ.

“ನಿಮ್ಮಿಂದಲಾ? ನನ್ನ ಮಾವ ಈ ಜಾಗ ಕೊಡ್ತೀನಿ ಅಂದ್ರು, ಬಂದೆ. ಆಗ ನನ್ನ ಮನಸ್ಸೆಲ್ಲ ಇಲ್ಲೇ ಇತ್ತು ಮೇಡಂ, ಅಲ್ಲಿ ಕೆಲಸ ಹಾಳಾಗ್ತಿತ್ತು. ನೀವು ಗುರುತು ಹಾಕಿದ್ದು ಸರೀನೇ.” ಸ್ವಲ್ಪ ತಡೆದು ಸೇರಿಸಿದ, “ನಿಜ ಹೇಳ್ಬೇಕಂದ್ರೆ ಆಗ ಇನ್‌ಸ್ಪೆಕ್ಟರ್ ಯಾರಿದ್ರು ಅಂತಾನೇ ನನಗೆ ನೆನಪಿರ್ಲಿಲ್ಲ.”

ಹಗುರವಾಗಬೇಕಿತ್ತು. ಆದರೆ ಅವಳಿಗೆ ಅವಮಾನವಾಯಿತು. ಇಷ್ಟು ವರ್ಷ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಜೋಪಾನ ಮಾಡಿದ ಅಪರಾಧಕ್ಕೆ ವಾರಸುದಾರನೇ ಇರಲಿಲ್ಲ. ತಾನು ಇನ್ನೊಬ್ಬರ ಬದುಕಿನಲ್ಲಿ ಅಷ್ಟು ದೊಡ್ಡವಳೆಂದು ಅಂದುಕೊಂಡದ್ದೇ ಒಂದು ಜಂಬ. ಮಾವನ ವಿಷಯದಲ್ಲೂ ಹೀಗೇ ಇರಬಹುದೇ? ಟ್ಯಾಂಕನ್ನು ಜಜ್ಜಿದರಾ ಎಂದದ್ದು ಫಿಟ್ಟರನ ಸಾಮಾನ್ಯ ಕುತೂಹಲವೇ ಹೊರತು ಬೇರೇನೂ ಇಲ್ಲದಿರಬಹುದು. ಇರಲಿ, ಎಂದುಕೊಂಡಳು. ಕಾರಣ ಯಾವುದಾದರೂ ಆಗಲಿ, ಈ ಕೂಡು ಸರಿಯಾಗಬೇಕು. ಈ ಸಲ ಬೆಸುಗೆಯ ಕೊನೆಯಲ್ಲಿ ಕೈಯನ್ನು ಹಿಂದಕ್ಕೆಳೆಯದೆ, ಉರಿ ತಾನಾಗಿ ಸಣ್ಣದಾಗಿ ಕೊಳ ಆರುವವರೆಗೆ ಅಲ್ಲೇ ನಿಂತಳು. ಬಿಳಿ ಬಿಳಿಯಾಗಿಯೇ ಉಳಿಯಿತು. ಚೌಕಟ್ಟಿನ ಎರಡೂ ಮಗ್ಗುಲಿಗೆ ಮುಂದಿನಿಂದ ಹಿಂದಕ್ಕೆ ದಾರ ಎಳೆದು ನೋಡಿದರೆ ಬೆಸುಗೆಯ ಬಿಸಿಗೆ ಬಾಲ ಒಂದಿಷ್ಟು ಬಲಕ್ಕೆ ವಾಲಿತ್ತು; ಅದನ್ನೂ ನೆಟ್ಟಗೆ ಮಾಡದೆ ಬಿಡಲಿಲ್ಲ.

ಗಾಡಿ ಜೋಡಿಸಿ, ಬಣ್ಣ ಹೊಡೆದು, ಉದ್ದ ಸೀಟು ಹೊಲಿಸಿ ಕೂರಿಸಿದ ಮೇಲೆ ಪರೀಕ್ಷೆಗೆ ಫಣೀಂದ್ರನೇ ಬಲಿಯಾದ. ಬೀಚ್ ರಸ್ತೆಯಲ್ಲಿ ಭೀಮುನಿಪಟ್ಟಣದವರೆಗೆ ಹೋಗಿ ಬರುವುದೆಂದಾಯಿತು. ಹೊರಟಾಗಿನಿಂದ ಅವನು ಅವಳ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ತಿರುವಿನಲ್ಲಿ ಅವನು ಒಂದು ಕಡೆಗೆ ವಾಲಿದರೆ ಇವಳು ಇನ್ನೊಂದು ಕಡೆಗೆ ವಾಲಬೇಕಾಗುತ್ತಿತ್ತು. ಮೀನು ಒಣಹಾಕಿದ್ದ ಕಡೆ ಬೇಕೆಂತಲೇ ಗುಂಡಿಗಳ ಮೇಲೆ ಹಾಯಿಸಿದಳು. ಹಿಂದಿನ ಭಾರ ಕೊಳವೆಗಳಲ್ಲಿ ಇಳಿದು ತನ್ನ ಬೆನ್ನೆಲುಬಿಗೆ ಬಂದಂತಾಯಿತು. ಚಕ್ರ ತಾಗಲಿಲ್ಲ, ಎಲ್ಲೂ ಕಿರುಗುಟ್ಟಲಿಲ್ಲ. ಹಿಂದಿರುಗಿ ಬಂದು ಎಲ್ಲ ಬಿಚ್ಚಿ ಮತ್ತೊಮ್ಮೆ ಕೆಂಪು, ಮತ್ತೊಮ್ಮೆ ಬಿಳಿ. ಎಲ್ಲವೂ ಸರಿಯಾಗಿತ್ತು.

ಲಾರಿಯಲ್ಲಿ ವಿಜಯವಾಡಕ್ಕೆ ಬಂದಿಳಿದ ಗಾಡಿಯನ್ನು ಅವಳು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಅದು ಮುಂಚೆ ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಿಂತಿದ್ದ ನಾದಿನಿಯ ಕಾರಿನ ಮುಂದೆ ನಿಲ್ಲಿಸಿದಳು. ದುರ್ಗಾಭವಾನಿ ತಂದೆಯನ್ನು ಲಿಫ್ಟಿನಲ್ಲಿ ಕರೆದುಕೊಂಡು ಬಂದು ಹಿಂದೆ ಸರಿದಳು. ಮಾವ ಇಸ್ತ್ರಿ ಮಾಡಿದ ಬಿಳಿಯ ಅಂಗಿ ಹಾಕಿದ್ದರು. ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರು. ಕೈ ಮುಂದೆ ಚಾಚಿ ಟ್ಯಾಂಕನ್ನು ಮುಟ್ಟಿದರು. ಅದರ ಎಡಮಗ್ಗುಲಿನ ಹಳೆಯ ತಗ್ಗೊಂದರಲ್ಲಿ ಹೆಬ್ಬೆರಳು ಹೋಗಿ ನಿಂತಿತು.

“ಗುಜರಿಗೆ ಹೋಯ್ತು ಅಂದ್ರಿ,” ಎಂದರು ಕೊನೆಗೆ.

“ಇಲ್ಲ ಮಾವ. ನಾನು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ.”

“ನಾನು ಬಿಟ್ಟುಬಿಟ್ಟಿದ್ನಮ್ಮಾ. ಅತ್ತು ಆಗಿತ್ತು ನಂದು. ಈಗ ತಂದು ನಿಲ್ಲಿಸ್ತೀಯಲ್ಲ.” ಸಿಟ್ಟಿನಿಂದ ಅವರ ದನಿ ಏರಿತು. ಅವಳಿಗೆ ತಕ್ಷಣ ಕ್ಷಮೆ ಕೇಳಿ ಗಾಡಿಯನ್ನು ತಳ್ಳಿಕೊಂಡು ಹೋಗಿಬಿಡಬೇಕೆನಿಸಿತು. ತನ್ನ ಅಂದಾಜುಗಳೆಲ್ಲ ತಪ್ಪಿದ್ದವು. ಇದು ಫಿಟ್ಟರನ ಕುತೂಹಲವಾಗಿರಲಿಲ್ಲ. ಅವರು ಅತ್ತು ಕಳಿಸಿಕೊಟ್ಟದ್ದನ್ನು ಈಗ ಎಬ್ಬಿಸಿಕೊಂಡು ಬಂದಿದ್ದಳು. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ. “ತಪ್ಪಾಯ್ತು ಮಾವ. ಅದು ಬೇರೆ,” ಎಂದಳು. “ಇದನ್ನ ಒಂದ್ಸಲ ನೋಡಿ. ಬೇಡ ಅನ್ಸಿದ್ರೆ ಬೇಡ ಅನ್ನಿ, ನಾನೇ ಗುಜರಿಗೆ ಹಾಕಿ ಬರ್ತೀನಿ.”

ಮಾವನ ಕೈ ಟ್ಯಾಂಕಿನಿಂದ ಹಿಂದಕ್ಕೆ ಸರಿಯಿತು, ಸೀಟಿನ ಕೆಳಗೆ ಹೋಯಿತು, ಕೊಳವೆಯನ್ನು ಹಿಡಿದುಕೊಂಡು ಹಿಂದೆ ಹಿಂದೆ ನಡೆಯಿತು. ಒಂದೊಂದು ಕೂಡು ಸಿಕ್ಕಾಗಲೂ ಹೆಬ್ಬೆರಳ ಉಗುರು ಬೆಸುಗೆಯ ಸುತ್ತ ತಿರುಗುತ್ತಿತ್ತು. ಇವಳು ತೀರ್ಪಿಗೆ ಕಾದು ನಿಂತಳು. ಇಷ್ಟು ವರ್ಷ ಎಷ್ಟೋ ಜನ ತನ್ನ ಎದುರು ಹೀಗೇ ನಿಂತಿದ್ದರಲ್ಲ. ಯಾರು ಮಾಡಿದ್ದು ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೀಟಿನ ತುದಿಗೆ ಬಂದ ಕೈ ಅತ್ತಿತ್ತ ಏನನ್ನೋ ಹುಡುಕಿತು.

“ಇದ್ರಲ್ಲಿ ಎಲ್ಲಿ ಹಿಡ್ಕೋಬೇಕು ನಾನು?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಹಿಡಿಕೆಯೇ ಇರಲಿಲ್ಲ. ಭಾರ, ಎತ್ತರ, ವಾಲು, ಬಿರುಕು, ಎಲ್ಲವನ್ನೂ ನೋಡಿದ್ದಳು. ಕೂತವರು ಕೈಯನ್ನು ಎಲ್ಲಿಡುತ್ತಾರೆ ಎಂದು ನೋಡಿರಲಿಲ್ಲ. ಗಂಡ ಸೊಂಟ ಹಿಡಿದು ಕೂತಿದ್ದರಿಂದ ಅದು ಹೊಳೆದೂ ಇರಲಿಲ್ಲ. ಸೊಸೆಯ ಸೊಂಟವನ್ನು ಮಾವ ಹಿಡಿಯುವಂತಿಲ್ಲ, ಹೆಗಲನ್ನೂ. ಆ ಮನುಷ್ಯ ಅದನ್ನು ಬಾಯಿಬಿಟ್ಟು ಕೇಳಬೇಕಾಯಿತು.

“ಬನ್ನಿ,” ಎಂದಳು. “ಈಗ್ಲೇ ಹಾಕಿಸೋಣ.”

ಗ್ಯಾರೇಜುಗಳಿರುವ ಆಟೋನಗರಕ್ಕೆ ಗಾಡಿಯನ್ನು ಅವಳು ಒಬ್ಬಳೇ ಓಡಿಸಿಕೊಂಡು ಹೋದಳು. ಹಿಂದೆಯೇ ಆಟೋದಲ್ಲಿ ಮಾವ. ಗೇಟು, ಗ್ರಿಲ್ಲು ಮಾಡುವ ಒಂದು ಅಂಗಡಿಯವನು ತನ್ನ ಯಂತ್ರವನ್ನು ಹೆಂಗಸಿನ ಕೈಗೆ ಕೊಡಲು ಹಿಂದೆಮುಂದೆ ನೋಡಿದ. ಮಾವ ತೆಲುಗಿನಲ್ಲಿ ಏನೋ ಹೇಳಿದರು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ, ಅವನು ಕೊಟ್ಟ. ಟ್ಯಾಂಕು ಇಳಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಮಾವನನ್ನು ಸೀಟಿನ ಮೇಲೆ ಕೂರಿಸಿದಳು. ಕಾಲು ಎತ್ತುವಾಗ ಅವರು ಆಸರೆ ಕೇಳಲಿಲ್ಲ. ನಾಲ್ಕು ಬೆರಳು ತಗ್ಗಿಸಿದ್ದು ಸಾಕಾಯಿತು. ಅವರ ಕೈಗಳು ತೊಡೆಯ ಪಕ್ಕ ತಾವಾಗಿ ಇಳಿದು ಮುಷ್ಟಿ ಕಟ್ಟಿದ ಕಡೆ ಅವಳು ಸೀಮೆಸುಣ್ಣದಿಂದ ಗುರುತು ಮಾಡಿದಳು. ಇನ್ನೂ ಒಂದಿಷ್ಟು ಹಿಂದೆ, ಎಂದರು ಅವರು. ಗುರುತನ್ನು ಅಳಿಸಿ ಹಿಂದೆ ಹಾಕಿದಳು. ಬಾಗಿಸಿದ ಸಣ್ಣ ಕೊಳವೆಯನ್ನು ಎರಡೂ ಮಗ್ಗುಲಿಗೆ ಹಿಡಿದು ನೋಡಿ, ಹೊಸ ಬಣ್ಣವನ್ನು ಕೆರೆದು ಕಬ್ಬಿಣ ಹೊಳೆಯುವಂತೆ ಮಾಡುವಾಗ, ಮಾವ ಸ್ಟೂಲಿನ ಮೇಲೆ ಕೂತು ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಹೇಳಿದರು. “ಗಂಗಾ ಹೋದ್ಮೇಲೆ ಹಿಂದೆ ಹಗುರ ಆಯ್ತಮ್ಮಾ. ಗುಂಡೀಲಿ ಬಿದ್ರೆ ಚಕ್ರ ಎಗರ್ತಿತ್ತು. ಖಾಲಿ ಸೀಟು ಬಡ್ಕೊಳ್ಳೋ ಸದ್ದು ಕೇಳಕ್ಕಾಗದೆ ಕೊಯ್ದೆ.” ಅಷ್ಟೇ. ಅವಳು ಮುಖಕ್ಕೆ ಮರೆ ಇಳಿಸಿಕೊಂಡಳು. ಮರೆಯ ಹಿಂದೆ ಒಂದು ಕ್ಷಣ ಕಣ್ಣು ಮಂಜಾಯಿತು, ಕಾದಳು, ತಿಳಿಯಾದ ಮೇಲೆ ಬೆಸುಗೆ ಶುರುಮಾಡಿದಳು.

ಬಿಸಿ ಆರಿ, ಟ್ಯಾಂಕು ಕೂತು, ಅವರು ಹೊರಟಾಗ ಸಂಜೆ ಇನ್ನೂ ಆಗಿರಲಿಲ್ಲ. ಮೊದಲಿಗೆ ಮಾವ ಹಿಂದಿನಿಂದಲೇ ಗಾಡಿ ಓಡಿಸಿದರು. ಎರಡನೇದಕ್ಕೆ ಹಾಕು, ಕ್ಲಚ್ಚು ಪೂರ್ತಿ ಬಿಡು, ಬಸ್ಸಿನ ಹಿಂದೆ ಹೋಗಬೇಡ. ಅವರು ಹೇಳಿದ್ದನ್ನೆಲ್ಲ ಅವಳು ಕೇಳಿದಳು, ಕೆಲವನ್ನು ಮಾಡಿದಳು. ಬೆಂಜ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ, ಮೇಲುಸೇತುವೆಯ ನೆರಳಲ್ಲಿ, ಅಕ್ಕಪಕ್ಕದ ಸ್ಕೂಟರಿನವರು ಹೆಲ್ಮೆಟ್ಟಿನ ಗಾಜು ಎತ್ತಿ ಹಳೆಯ ಗಾಡಿಯನ್ನೂ ಅದರ ಮೇಲಿದ್ದ ಇಬ್ಬರನ್ನೂ ನೋಡಿದರು. ಒಬ್ಬ ಮೊಬೈಲು ತೆಗೆದ. ಮಾವನಿಗೆ ಇದು ಕಾಣುತ್ತಿದೆಯೇ, ಮುಜುಗರವಾಗುತ್ತಿದೆಯೇ ಎಂದು ಅವಳು ಚಡಪಡಿಸಿದಳು.

“ಹೇಮಾ, ಎಡಕ್ಕೆ ಹಳದಿ ಏನೋ ರಾಶಿ ಐತಲ್ಲ. ಏನದು?”

ಅವಳು ತಿರುಗಿ ನೋಡಿದಳು. ತಳ್ಳುಗಾಡಿಯ ಮೇಲೆ ಸೇವಂತಿಗೆ. ಹೇಳಿದಳು. ಅವರ ಎದುರಿಗಿದ್ದದ್ದು ಅವಳ ಬೆನ್ನು ಮಾತ್ರ. ನೋಡಲು ಉಳಿದದ್ದು ಎಡ ಮತ್ತು ಬಲ, ಅವರ ಕಣ್ಣಿಗೆ ಇನ್ನೂ ಸಿಗುವ ಅಂಚುಗಳು.

“ಮುಂದೆ ಕೂತವನಿಗೆ ಬರೀ ರಸ್ತೆ ಕಣಮ್ಮಾ,” ಎಂದರು ಮಾವ. “ಗಂಗಾ ಮನೇಗೆ ಬಂದು ದಾರೀಲಿ ಅದು ಐತಿ, ಇದು ಐತಿ ಅಂತ ಹೇಳೋಳು. ನಾನೂ ಅದೇ ದಾರೀಲಿ ಬಂದವನು, ನನಗೆ ಕಾಣದ್ದು ನಿನಗೆಲ್ಲಿಂದ ಕಾಣ್ತು ಅಂತ ಬಾಯಿ ಮುಚ್ಚಿಸ್ತಿದ್ದೆ.”

ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆದರು. ನೀನು ಮುಂದೆ ನೋಡು, ಎಂದರು ಮಾವ. ಅವಳು ಕ್ಲಚ್ಚು ಬಿಟ್ಟಳು. ಹಿಂದಿನ ಭಾರ ಗಟ್ಟಿಯಾಗಿ ಕೂತುಕೊಂಡಿತು. ಸಾಲು ಅಂಗಡಿಗಳು ಎರಡೂ ಕಡೆ ಸರಿಯತೊಡಗಿದಂತೆ ಮಾವ ಅವಳ ಕಿವಿಯ ಹಿಂದೆ ಒಂದೊಂದಾಗಿ ಹೇಳುತ್ತ ಬಂದರು, ಬಲಕ್ಕೆ ಯಾರೋ ಕೆಂಪು ಕೊಡೆ ಹಿಡಿದಿದ್ದಾರೆ, ಕಬ್ಬಿನ ಗಾಣ ತಿರುಗುತ್ತಿದೆ, ಎಡಕ್ಕೆ ಬಿಳಿ ಹಸುವೊಂದು ಮಲಗಿದೆ. ಯಾವುದನ್ನೂ ತಿರುಗಿ ನೋಡದೆ ಅವಳು ಗೇರು ಬದಲಿಸಿದಳು.